ಕೂದಲಲ್ಲಿ ನಿಂತ ಪೆನ್ಸಿಲ್

ನಮ್ಮ ಮದ್ರಸದ ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದಾನೆ. ಗುಂಗುರು ಕೂದಲು, ಮೈಬಣ್ಣ ಉಳಿದವರಿಗಿಂತ ಸ್ವಲ್ಪ ಕಪ್ಪು. ಓದಿನಲ್ಲಿ ಚುರುಕು, ಕಿರಾಅತ್ ಅಂತೂ ಕೇಳುತ್ತಾ ಕೂರಬೇಕು ಅನ್ನಿಸುತ್ತದೆ. ಕಳೆದ ವರ್ಷ ಒಂದು ಬೆಳಗ್ಗೆ ನಾನು ಬೋರ್ಡಿನಲ್ಲಿ ಬರೆಯುತ್ತಿದ್ದಾಗ ಹಿಂದಿನಿಂದ ಕಿಸಕ್ಕನೆ ನಗು ಕೇಳಿತು. ತಿರುಗಿ ನೋಡಿದರೆ, ಹಿಂದಿನ ಬೆಂಚಿನವನು ಈ ಹುಡುಗನ ಟೋಪಿ ಎತ್ತಿ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದ್ದಾನೆ. ಹುಡುಗ ತಲೆ ಅಲ್ಲಾಡಿಸುತ್ತಾನೆ, ಪೆನ್ಸಿಲ್ ಬೀಳುವುದಿಲ್ಲ. ಇನ್ನೊಮ್ಮೆ ಜೋರಾಗಿ ಅಲ್ಲಾಡಿಸುತ್ತಾನೆ, ಆಗಲೂ ಬೀಳುವುದಿಲ್ಲ. ಇಡೀ ಕ್ಲಾಸ್ ನಗುತ್ತಿದೆ. ಸುಳ್ಳು ಯಾಕೆ ಹೇಳಲಿ, ನನಗೂ ನಗು ಬಂತು. "ಸಾಕು ಸಾಕು, ಕಿತಾಬ್ ತೆಗೀರಿ" ಅಂದೆ. ಅಷ್ಟೇ ನಾನು ಮಾಡಿದ್ದು.

ಅದಾಗಿ ಒಂದೆರಡು ತಿಂಗಳಿಗೆ ದಕ್ಷಿಣ ಆಫ್ರಿಕಾದ ಮುಸ್ಲಿಮರ ಚರಿತ್ರೆ ಓದುವಾಗ ಅದೇ ಪೆನ್ಸಿಲ್ ಎದುರಾಯಿತು. ಈ ಸಲ ನಗು ಬರಲಿಲ್ಲ.

1948ರಲ್ಲಿ ಆ ದೇಶದಲ್ಲಿ ನ್ಯಾಷನಲ್ ಪಾರ್ಟಿ ಎಂಬ ಬಿಳಿಯರ ಪಕ್ಷ ಅಧಿಕಾರಕ್ಕೆ ಬಂತು. ಎರಡು ವರ್ಷದೊಳಗೆ, 1950ರಲ್ಲಿ, ಜನಸಂಖ್ಯಾ ನೋಂದಣಿ ಕಾಯ್ದೆ ಅಂತ ಒಂದನ್ನು ತಂದರು. ದೇಶದ ಪ್ರತಿಯೊಬ್ಬ ಮನುಷ್ಯ ಯಾವ ಜನಾಂಗದವನು ಎಂದು ಸರಕಾರ ಪುಸ್ತಕದಲ್ಲಿ ಬರೆದಿಡಬೇಕು. ಮೊದಲಿಗೆ ಮೂರು ಕಂಬಳಿ: ಬಿಳಿಯರು, ಕಪ್ಪು ಜನರು, ಇವೆರಡೂ ಅಲ್ಲದ ಎಲ್ಲರಿಗೂ 'ಕಲರ್ಡ್' ಎಂಬ ಮೂರನೆಯದು. ಆಮೇಲೆ ಈ ಮೂರನೇ ಕಂಬಳಿಯನ್ನು ಕತ್ತರಿಸಿ ಕೇಪ್ ಕಲರ್ಡ್, ಕೇಪ್ ಮಲಯ್, ಗ್ರಿಕ್ವಾ, ಚೀನೀ, ಭಾರತೀಯ ಅಂತ ತುಂಡು ಮಾಡಿದರು.

ಬಿಳಿಯ ಅಂದರೆ ಯಾರು? ಕಾನೂನು ಕೊಟ್ಟ ಉತ್ತರ ಓದಿದರೆ ಆಶ್ಚರ್ಯ ಆಗುತ್ತದೆ. ನೋಡಲು ಬಿಳಿಯನಂತೆ ಇರುವವನು, ಅಥವಾ ಜನ ಸಾಮಾನ್ಯವಾಗಿ ಬಿಳಿಯ ಎಂದು ಒಪ್ಪಿಕೊಂಡವನು. ರಕ್ತದ ಮಾತಿಲ್ಲ, ವಂಶದ ಮಾತೂ ಮೊದಲಿಗೆ ಇರಲಿಲ್ಲ. ನೋಡಿದವರ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ. ಬಿಳಿಯರು ತಾವು ಹುಟ್ಟಿನಿಂದಲೇ ಬೇರೆ ಅಂತ ಹೇಳಿಕೊಂಡು ಮಾಡಿದ ಕಾನೂನಿಗೆ, ಆ 'ಬೇರೆ' ಏನು ಅಂತ ಬರೆಯಲಿಕ್ಕೇ ಆಗಲಿಲ್ಲ.

ಆದರೆ ಕೆಲಸ ಆಗಬೇಕಲ್ಲ. ಆಫೀಸರುಗಳು ಕೂತರು. ಸಂಶಯ ಇದ್ದವರನ್ನು ಕರೆಸಿದರು. ಕೂದಲು ನೋಡಿದರು, ಉಗುರು ನೋಡಿದರು, ಮಾತಿನ ಧಾಟಿ ಕೇಳಿದರು, ಸ್ನೇಹಿತರು ಯಾರು ಅಂತ ವಿಚಾರಿಸಿದರು. ಕೂದಲಿಗೆ ಪೆನ್ಸಿಲ್ ಸಿಕ್ಕಿಸುವುದು ಕಾನೂನಿನ ಪುಸ್ತಕದಲ್ಲಿ ಬರೆದದ್ದಲ್ಲ, ಆಫೀಸರುಗಳು ತಾವೇ ಕಂಡುಹಿಡಿದ ಸುಲಭದ ದಾರಿ. ಪೆನ್ಸಿಲ್ ಜಾರಿ ಬಿದ್ದರೆ ಒಂದು ಜನಾಂಗ, ಕೂದಲಲ್ಲಿ ನಿಂತರೆ ಇನ್ನೊಂದು. ಕಲರ್ಡ್ ಎಂದು ಹೇಳಿಕೊಂಡವನ ತಲೆಯಲ್ಲಿ ಸಿಕ್ಕಿಸಿ, ತಲೆ ಅಲ್ಲಾಡಿಸಿದಾಗಲೂ ಬೀಳದಿದ್ದರೆ ಅವನನ್ನು ಕಪ್ಪು ಜನರ ಪಟ್ಟಿಗೆ ತಳ್ಳುವುದೂ ಇತ್ತು.

ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನ ಕೂದಲು ನೇರ, ಇನ್ನೊಬ್ಬನದು ಗುಂಗುರು ಇರುವುದು ನಮ್ಮ ಮನೆಗಳಲ್ಲೂ ನೋಡಿದ್ದೇವೆ. ಅಲ್ಲಿ ಅಂಥ ಅಣ್ಣ ತಮ್ಮ ಎರಡು ಜನಾಂಗ ಆಗಿಬಿಟ್ಟರು. ಎರಡು ಜನಾಂಗದವರು ಒಂದೇ ಬೀದಿಯಲ್ಲಿ ಇರುವಂತಿಲ್ಲ, ಒಂದೇ ಶಾಲೆಗೆ ಹೋಗುವಂತಿಲ್ಲ. ಅರ್ಜಿ ಹಾಕಿ ಜನಾಂಗ ಬದಲಾಯಿಸಲೂ ಬಹುದಿತ್ತು. 1980ರ ದಶಕದಲ್ಲೂ ವರ್ಷಕ್ಕೆ ನೂರಾರು ಮಂದಿ ಹೀಗೆ ಸರಕಾರಿ ಕಾಗದದಲ್ಲಿ ಜನಾಂಗ ಬದಲಾಯಿಸುತ್ತಿದ್ದರು, ಅದರ ಲೆಕ್ಕವನ್ನು ಸರಕಾರವೇ ಕೊಡುತ್ತಿತ್ತು. ಕಲರ್ಡ್ ಇದ್ದವರು ಬಿಳಿಯರಾದರು, ಮಲಯ್ ಇದ್ದವರು ಭಾರತೀಯರಾದರು, ಭಾರತೀಯರು ಮಲಯ್ ಆದರು. ಮಲಗುವಾಗ ಒಂದು, ಏಳುವಾಗ ಇನ್ನೊಂದು! ತಮಾಷೆಯ ತುದಿ ಯಾವುದೆಂದರೆ ಜಪಾನಿನವರ ಕಥೆ. ಜಪಾನಿನ ಜೊತೆ ಕಬ್ಬಿಣದ ದೊಡ್ಡ ವ್ಯಾಪಾರ ಕುದುರಿದಾಗ, 1960ರ ದಶಕದ ಆರಂಭದಲ್ಲಿ, ಅಲ್ಲಿಗೆ ಬರುವ ಜಪಾನಿಯರನ್ನು ಬಿಳಿಯರಂತೆ ನಡೆಸಿಕೊಳ್ಳುವುದು ಎಂದು ತೀರ್ಮಾನವಾಯಿತು. ಅಲ್ಲೇ ಹುಟ್ಟಿ ಬೆಳೆದ ಚೀನೀಯರು ಮಾತ್ರ ಬಿಳಿಯರಾಗಲಿಲ್ಲ. ಹೋಟೆಲ್ ಬಾಗಿಲಲ್ಲಿ ನಿಂತವನಿಗೆ ಈ ಇಬ್ಬರ ಮುಖದಲ್ಲಿ ವ್ಯತ್ಯಾಸ ಹೇಗೆ ಗೊತ್ತಾಗಬೇಕು ಮಾರಾಯ್ರೆ?

ಸಾಂಡ್ರಾ

ಸಾಂಡ್ರಾ ಲೇಂಗ್ ಕಥೆ ಪ್ರಪಂಚಕ್ಕೆಲ್ಲ ಗೊತ್ತಿದೆ, 2008ರಲ್ಲಿ 'ಸ್ಕಿನ್' ಅಂತ ಸಿನಿಮಾ ಕೂಡ ಬಂದಿದೆ. 1955ರಲ್ಲಿ ಪೀಟ್ ರಿಟೀಫ್ ಎಂಬ ಊರಿನ ಬಿಳಿಯ ದಂಪತಿಗೆ ಹುಟ್ಟಿದ ಹೆಣ್ಣುಮಗು. ತಂದೆ ತಾಯಿ ಇಬ್ಬರೂ ಸರಕಾರದ ವರ್ಣಭೇದ ನೀತಿಯನ್ನು ಒಪ್ಪಿದವರೇ. ಆದರೆ ಮಗುವಿನ ಬಣ್ಣ ಕಂದು, ಕೂದಲು ಗುಂಗುರು. ಎಷ್ಟೋ ತಲೆಮಾರಿನ ಹಿಂದಿನ ಯಾವುದೋ ಅಜ್ಜಿಯದು ಈ ಮಗುವಿನಲ್ಲಿ ಎದ್ದು ಬಂದಿತ್ತು. ಬಿಳಿಯರ ಶಾಲೆಯ ಹಾಸ್ಟೆಲಿನಲ್ಲಿ ಹಾಕಿದರು. ಬೇರೆ ಮಕ್ಕಳ ತಂದೆ ತಾಯಿ ತಕರಾರು ತೆಗೆದರು. 1966ರಲ್ಲಿ, ಹುಡುಗಿಗೆ ಹತ್ತು ವರ್ಷ ಆದಾಗ, ಇಬ್ಬರು ಪೊಲೀಸರು ಬಂದು ಅವಳನ್ನು ಶಾಲೆಯಿಂದ ಮನೆಗೆ ಬಿಟ್ಟರು. ಕಾಗದದಲ್ಲಿ ಅವಳೀಗ ಕಲರ್ಡ್. ತಂದೆ ತಾಯಿ ಬಿಳಿಯರು, ಅಣ್ಣ ಬಿಳಿಯ, ನಡುವೆ ಇವಳು ಕಲರ್ಡ್.

ಅಪ್ಪ ಕೋರ್ಟಿಗೆ ಹೋದ. ಅಷ್ಟರಲ್ಲಿ 1967ರಲ್ಲಿ ಕಾನೂನೇ ಬದಲಾಯಿತು, ತಂದೆ ತಾಯಿ ಇಬ್ಬರೂ ಬಿಳಿಯರಾದರೆ ಮಗುವೂ ಬಿಳಿಯ. ಸಾಂಡ್ರಾ ಪುನಃ ಬಿಳಿಯಳಾದಳು. ಆದರೆ ಯಾವ ಬಿಳಿಯ ಮಗು ಅವಳ ಜೊತೆ ಆಡಲು ಬಂತು? ಕಾಗದ ಒಂದು ಹೇಳಿತು, ಊರು ಇನ್ನೊಂದು ಹೇಳಿತು. ಅವಳನ್ನು ಮನುಷ್ಯಳೆಂದು ಕಂಡದ್ದು ಕಪ್ಪು ಜನರು. ಹದಿನೈದರ ಹೊತ್ತಿಗೆ ಒಬ್ಬ ಕಪ್ಪು ತರಕಾರಿ ವ್ಯಾಪಾರಿಯ ಜೊತೆ ಸ್ವಾಜಿಲ್ಯಾಂಡಿಗೆ ಓಡಿಹೋದಳು. ಅಪ್ಪ ಮತ್ತೆ ಮುಖ ನೋಡಲಿಲ್ಲ. ಅವಳಿಗೆ ಮಕ್ಕಳಾದವು, ಮಕ್ಕಳು ಕಾಗದದಲ್ಲಿ ಬಿಳಿಯರಲ್ಲ. ಬಿಳಿಯ ತಾಯಿ ಬಿಳಿಯರಲ್ಲದ ಮಕ್ಕಳ ಜೊತೆ ಒಂದೇ ಮನೆಯಲ್ಲಿ ಇರುವುದೇ ತಪ್ಪು. ತನ್ನ ಹೊಟ್ಟೆಯ ಮಕ್ಕಳನ್ನು ತನ್ನ ಹತ್ತಿರ ಇಟ್ಟುಕೊಳ್ಳಲಿಕ್ಕೆ ಸಾಂಡ್ರಾ ಈ ಸಲ ತಾನೇ ಅರ್ಜಿ ಹಾಕಬೇಕಾಯಿತು, ನನ್ನನ್ನು ಪುನಃ ಕಲರ್ಡ್ ಮಾಡಿ ಅಂತ.

ನಾನು ಪಿಯುಸಿ ಓದಿದವನು, ದೊಡ್ಡ ಸಮಾಜಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ಆ ಶಾಸ್ತ್ರ ಓದಿದವರು ಜನಾಂಗ ಎನ್ನುವುದು ಮೈಯಲ್ಲಿ ಇರುವುದಲ್ಲ, ಸಮಾಜ ಕಟ್ಟುವುದು ಅಂತ ಹೇಳುವಾಗ ಏನು ಹೇಳುತ್ತಿದ್ದಾರೆ ಎಂಬುದು ನನಗೆ ಸಾಂಡ್ರಾಳಿಂದ ಅರ್ಥವಾಯಿತು. ಅವಳ ಚರ್ಮ ಬದಲಾಗಲೇ ಇಲ್ಲ. ಬದಲಾದದ್ದು ಪ್ರತಿ ಸಲವೂ ಆಫೀಸಿನ ಪುಸ್ತಕ. ಕಟ್ಟಿದ್ದು ಅಂದ ಮಾತ್ರಕ್ಕೆ ಸುಳ್ಳು ಅಂತ ಅಲ್ಲ. ಗೋಡೆಯೂ ಕಟ್ಟಿದ್ದೇ, ತಲೆ ಹೊಡೆದರೆ ರಕ್ತ ಬರುತ್ತದೆ.

ಏಣಿಯ ಮೆಟ್ಟಿಲು

ಕಾಗದದಲ್ಲಿ ಬರೆದ ಒಂದು ಶಬ್ದದಿಂದ ಏನೇನು ತೀರ್ಮಾನ ಆಗುತ್ತಿತ್ತು? ಎಲ್ಲಿ ವಾಸ, ಯಾವ ಬಸ್ಸು, ಯಾವ ಬೆಂಚು, ಸಮುದ್ರದ ಯಾವ ಮರಳು, ಯಾರನ್ನು ಮದುವೆ, ಎಲ್ಲಿ ಕಬರ್. ಎಲ್ಲವನ್ನೂ ಹೇಳುತ್ತಾ ಹೋಗುವುದಿಲ್ಲ, ಶಾಲೆಯದು ಒಂದು ಸಾಕು, ಅದು ನನ್ನ ಕಸುಬು. 1975-76ರಲ್ಲಿ ಸರಕಾರ ಒಂದು ಬಿಳಿಯ ಮಗುವಿನ ಓದಿಗೆ ವರ್ಷಕ್ಕೆ 644 ರ್‍ಯಾಂಡ್ ಖರ್ಚು ಮಾಡುತ್ತಿತ್ತು. ಭಾರತೀಯ ಮಗುವಿಗೆ 189. ಕಲರ್ಡ್ ಮಗುವಿಗೆ 139. ಕಪ್ಪು ಮಗುವಿಗೆ 42.

ಈ ನಾಲ್ಕು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಬೇಕು. ಎಲ್ಲರೂ 644 ಮತ್ತು 42ರ ಅಂತರವನ್ನು ನೋಡುತ್ತಾರೆ. ನಾನು ನೋಡಿದ್ದು ನಡುವಿನ ಎರಡನ್ನು. 189 ಸಿಗುವವನಿಗೆ 644 ಸಿಗುತ್ತಿಲ್ಲ ಎಂಬ ನೋವಿದೆ, ಆದರೆ ತನ್ನ ಕೆಳಗೆ 139 ಇದೆ, ಅದರ ಕೆಳಗೆ 42 ಇದೆ ಎಂಬ ಸಮಾಧಾನವೂ ಇದೆ. ಹದಿನಾರು ದಾಟಿದ ಕಪ್ಪು ಮನುಷ್ಯ ಯಾವಾಗಲೂ ಜೇಬಲ್ಲಿ ಪಾಸ್ ಪುಸ್ತಕ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಜೈಲು. ಆ ಪಾಸಿನ ವಿರುದ್ಧ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿ ಸತ್ತರು. ಭಾರತೀಯನಿಗೆ, ಕಲರ್ಡ್‌ಗೆ ಆ ಪಾಸ್ ಬೇಕಿರಲಿಲ್ಲ. ಭಾರತೀಯನಿಗೆ ಬೇರೆ ತೊಂದರೆ, ಆರೆಂಜ್ ಫ್ರೀ ಸ್ಟೇಟ್ ಎಂಬ ಪ್ರಾಂತದಲ್ಲಿ ವಾಸ ಮಾಡುವಂತೆಯೇ ಇರಲಿಲ್ಲ. ಆದರೂ ಒಂದು ಮೆಟ್ಟಿಲು ಮೇಲೆ. ಅಂಬೇಡ್ಕರ್ ನಮ್ಮ ದೇಶದ ಜಾತಿಯ ಬಗ್ಗೆ ಹೇಳುವಾಗ ಇದನ್ನೇ ಶ್ರೇಣೀಕೃತ ಅಸಮಾನತೆ ಅಂದರು. ಎಲ್ಲರನ್ನೂ ಒಂದೇ ಸಮ ತುಳಿದರೆ ಎಲ್ಲರೂ ಒಟ್ಟಾಗಿ ಎದ್ದಾರು. ಒಬ್ಬನ ಕಾಲ ಕೆಳಗೆ ಇನ್ನೊಬ್ಬನನ್ನು ಇಟ್ಟರೆ, ತುಳಿಸಿಕೊಂಡವನೂ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ.

ಇಲ್ಲಿ ನಮ್ಮವರ ಒಂದು ಹಳೇ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. 1860ರಿಂದ ದಕ್ಷಿಣ ಆಫ್ರಿಕಾದ ನಟಾಲಿಗೆ ಭಾರತದಿಂದ ಕೂಲಿಗಳನ್ನು ಕಬ್ಬಿನ ತೋಟಕ್ಕೆ ಒಯ್ದರು. ಅವರ ಹಿಂದೆಯೇ ಗುಜರಾತಿನ ಮುಸ್ಲಿಂ ವ್ಯಾಪಾರಿಗಳು ಸ್ವಂತ ಟಿಕೆಟಿನಲ್ಲಿ ಹೋದರು. ಬಿಳಿಯರಿಗೆ ಭಾರತದಿಂದ ಬಂದವರೆಲ್ಲ 'ಕೂಲಿ'ಗಳೇ. ಆ ಹೆಸರಿನಿಂದ ತಪ್ಪಿಸಿಕೊಳ್ಳಲು ಈ ವ್ಯಾಪಾರಿಗಳು ತಮ್ಮನ್ನು 'ಅರಬರು' ಅಂತ ಹೇಳಿಕೊಳ್ಳಲು ಸುರು ಮಾಡಿದರು. ಗಾಂಧೀಜಿ ಅಲ್ಲಿಗೆ ಹೋದದ್ದೇ ಅಂಥ ಒಬ್ಬ ವ್ಯಾಪಾರಿಯ ಕೇಸಿಗೆ, ಅವರ ಆತ್ಮಕಥೆಯಲ್ಲಿ ಈ ಸಂಗತಿ ಇದೆ. ಅರಬನಿಗೆ ಅರಬನಲ್ಲದವನ ಮೇಲೆ, ಬಿಳಿಯನಿಗೆ ಕರಿಯನ ಮೇಲೆ ತಖ್ವಾದ ಹೊರತು ಯಾವ ಹೆಚ್ಚುಗಾರಿಕೆಯೂ ಇಲ್ಲ ಎಂಬುದನ್ನು ಹಜ್ಜತುಲ್ ವಿದಾಅ್‌ನ ಬಗ್ಗೆ ಹೇಳುವಾಗ ಪ್ರತಿ ವರ್ಷ ಮಿಂಬರಿನಿಂದ ಹೇಳುತ್ತೇವೆ. ಅದನ್ನು ಕೇಳಿ ಬೆಳೆದವರೇ, ಜೊತೆಯ ಹಡಗಿನಲ್ಲಿ ಬಂದ ಊರಿನ ಕೂಲಿಯಿಂದ ದೂರ ನಿಲ್ಲಲು ಅರಬ ಎಂಬ ಹೆಸರನ್ನು ಬಳಸಿದರು. ಅವರನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅವಮಾನ ಆಗುವಾಗ ಮನುಷ್ಯನಿಗೆ ಮೊದಲು ಹೊಳೆಯುವುದು ನಾನು ಅವನಲ್ಲ ಎಂದು ಹೇಳುವುದು. ಹೆಸರು ಕೇಳಿದ ಕೂಡಲೇ ಮನೆ ಬಾಡಿಗೆಗೆ ಇಲ್ಲ ಅಂದವರ ಕಥೆ ನಮ್ಮಲ್ಲಿ ಎಲ್ಲರ ಹತ್ತಿರವೂ ಒಂದಿದೆ. ನಾವು ಯಾರಿಗೆ ಇಲ್ಲ ಅಂದೆವು ಎಂಬ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

'ಮಲಯ್' ಎಂದರೆ ಯಾರು

ಕೇಪ್ ಟೌನಿನ ಮುಸ್ಲಿಮರನ್ನು ಸರಕಾರ ಕೇಪ್ ಮಲಯ್ ಅಂತ ಬರೆಯಿತು. ಹೆಸರು ಕೇಳಿದರೆ ಎಲ್ಲರೂ ಮಲೇಶ್ಯಾದಿಂದ ಹೋದವರು ಅನ್ನಿಸಬೇಕು. ಹಾಗಲ್ಲ. 1652ರಲ್ಲಿ ಡಚ್ಚರ ಕಂಪನಿ ಕೇಪಿನಲ್ಲಿ ನೆಲೆ ಹೂಡಿತು. ಅಲ್ಲಿಂದ ಒಂದೂವರೆ ಶತಮಾನ ಗುಲಾಮರನ್ನು ಹಡಗಿನಲ್ಲಿ ತಂದು ಮಾರಿದರು. ಒಟ್ಟು ಸುಮಾರು 63 ಸಾವಿರ ಜನ. ಇಂಡೋನೇಶ್ಯಾದ ದ್ವೀಪಗಳಿಂದ, ಮಡಗಾಸ್ಕರಿನಿಂದ, ಆಫ್ರಿಕಾದ ಕರಾವಳಿಯಿಂದ. ಮತ್ತೆ ಸುಮಾರು ನಾಲ್ಕನೇ ಒಂದು ಭಾಗ ಭಾರತದಿಂದ: ಬಂಗಾಳ, ಕೋರಮಂಡಲ, ಮಲಬಾರ್. ಹಳೇ ದಾಖಲೆಗಳಲ್ಲಿ ಗುಲಾಮನ ಹೆಸರಿನ ಮುಂದೆ ಊರು ಬರೆಯುತ್ತಿದ್ದರು, 'ವಾನ್ ಬೆಂಗಾಲೆನ್', 'ವಾನ್ ಮಲಬಾರ್' ಅಂತ. ತಂದೆಯ ಹೆಸರಿಲ್ಲ, ಮನೆತನದ ಹೆಸರಿಲ್ಲ. ನಮ್ಮ ಈ ಕಡಲಿನ ದಕ್ಷಿಣಕ್ಕೆ, ನಮ್ಮ ಉಸ್ತಾದರು ಓದಿ ಬಂದ ನಾಡಿನಿಂದ, ಹೀಗೆ ಹೋದವರು ಯಾರ ಮಕ್ಕಳೋ.

ಇವರೆಲ್ಲರನ್ನೂ ಒಟ್ಟಿಗೆ ಮಲಯ್ ಅಂದದ್ದು ಯಾಕೆಂದರೆ ಬೇರೆ ಬೇರೆ ಕಡೆಯ ಗುಲಾಮರಲ್ಲಿ ಎಷ್ಟೋ ಮಂದಿ ತಮ್ಮೊಳಗೆ ಮಲಯ್ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆಮೇಲೆ ಅಲ್ಲಿ ಮುಸ್ಲಿಂ ಅಂದರೂ ಮಲಯ್ ಅಂದರೂ ಒಂದೇ ಆಯಿತು. ಇಸ್ಲಾಂ ಅಲ್ಲಿ ಬೆಳೆದ ಬಗೆಯೂ ತಿಳಿಯಬೇಕಾದದ್ದು. ಟಿಡೋರ್ ದ್ವೀಪದ ಇಮಾಂ ಅಬ್ದುಲ್ಲಾ, ಜನ ಅವರನ್ನು ತುವಾನ್ ಗುರು ಅಂತ ಕರೆದರು. ಡಚ್ಚರು 1780ರಲ್ಲಿ ಕೈದಿಯಾಗಿ ತಂದು ರಾಬೆನ್ ದ್ವೀಪದಲ್ಲಿ ಇಟ್ಟರು, ಮುಂದೆ ಮಂಡೇಲಾ ಇದ್ದ ಅದೇ ದ್ವೀಪ. ಕೈಯಲ್ಲಿ ಮುಸ್‌ಹಫ್ ಇರಲಿಲ್ಲ, ನೆನಪಿನಿಂದ ಇಡೀ ಕುರ್‌ಆನ್ ಬರೆದರು. ಬಿಡುಗಡೆ ಆದ ಮೇಲೆ ಡಾರ್ಪ್ ಬೀದಿಯಲ್ಲಿ ಮದ್ರಸ ಸುರು ಮಾಡಿದರು. ಗುಲಾಮರ ಮಕ್ಕಳು, ಬಿಡುಗಡೆಯಾದವರ ಮಕ್ಕಳು ಒಟ್ಟಿಗೆ ಕೂತು ಓದಿದರು. ಆ ದೇಶದ ಮೊದಲ ಮಸೀದಿ, ಔವಲ್ ಮಸೀದಿ, ಅದೇ ಬೀದಿಯಲ್ಲಿದೆ.

ಆ ಮದ್ರಸಗಳ ಮಕ್ಕಳು ಪಾಠ ಬರೆದುಕೊಳ್ಳುತ್ತಿದ್ದದ್ದು ಹೇಗೆ ಗೊತ್ತಾ? ಮನೆಮಾತು ಡಚ್ ಭಾಷೆ ಒಡೆದು ಹುಟ್ಟಿದ ಆಫ್ರಿಕಾನ್ಸ್, ಲಿಪಿ ಅರಬಿ. ಅರಬಿ ಮಲಯಾಳಂನಲ್ಲಿ ಅಮಲಿಯ್ಯಾತ್ ಓದಿದ ನಮ್ಮ ತಲೆಮಾರಿನ ಬ್ಯಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ತುರ್ಕಿಯ ಸುಲ್ತಾನರು ಕಳಿಸಿದ ಅಬೂಬಕರ್ ಎಫೆಂದಿ ಎಂಬ ವಿದ್ವಾಂಸರು ಆ ಲಿಪಿಯಲ್ಲೇ ಒಂದು ಫಿಖ್ಹ್ ಗ್ರಂಥ ಬರೆದರು, 1877ರಲ್ಲಿ ಇಸ್ತಾಂಬುಲಿನಲ್ಲಿ ಅಚ್ಚಾಯಿತು. ಆಫ್ರಿಕಾನ್ಸಿನ ಆರಂಭದ ಪುಸ್ತಕಗಳಲ್ಲಿ ಅದೂ ಒಂದು. ಅಂದರೆ ಗುಲಾಮರ ಅಡಿಗೆಮನೆಯಲ್ಲಿ ಬೆಳೆದ, ಮದ್ರಸದ ಹಲಗೆಯಲ್ಲಿ ಬರೆದ ಭಾಷೆ ಅದು. ಮುಂದೆ ಅದೇ ಭಾಷೆ ನಮ್ಮದು, ನಮ್ಮ ಬಿಳಿಯ ರಕ್ತದ್ದು ಎಂದು ಆಳುವವರು ಹೇಳಿಕೊಂಡರು. 1976ರಲ್ಲಿ ಅದನ್ನೇ ಕಪ್ಪು ಮಕ್ಕಳ ಶಾಲೆಯ ಮೇಲೆ ಹೇರಿದಾಗ ಸೊವೆಟೊದಲ್ಲಿ ಮಕ್ಕಳು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು.

ಮನೆ ಹೋಯಿತು, ಮಸೀದಿ ಉಳಿಯಿತು

1950ರಲ್ಲೇ ಇನ್ನೊಂದು ಕಾನೂನು ಬಂತು, ಗ್ರೂಪ್ ಏರಿಯಾಸ್ ಆಕ್ಟ್. ಒಂದೊಂದು ಪ್ರದೇಶ ಒಂದೊಂದು ಜನಾಂಗಕ್ಕೆ. ಕೇಪ್ ಟೌನಿನ ನಡುವೆ, ಟೇಬಲ್ ಬೆಟ್ಟದ ಬುಡದಲ್ಲಿ, ಬಂದರಿಗೆ ನಡೆದು ಹೋಗುವಷ್ಟು ಹತ್ತಿರ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಕೇರಿ. ಮುಸ್ಲಿಮರು, ಕ್ರೈಸ್ತರು, ಯಹೂದಿಗಳು, ಕಪ್ಪು ಜನರು, ಭಾರತೀಯ ಅಂಗಡಿಯವರು, ಎಲ್ಲ ಇದ್ದರು. ಬಡವರ ಕೇರಿ, ಇಕ್ಕಟ್ಟು, ಗಲಾಟೆಯೂ ಇತ್ತು, ಸ್ವರ್ಗ ಅಂತ ಯಾರೂ ಹೇಳುವುದಿಲ್ಲ. 1966ರ ಫೆಬ್ರವರಿ 11ರಂದು ಸರಕಾರ ಅದನ್ನು ಬಿಳಿಯರ ಪ್ರದೇಶ ಅಂತ ಘೋಷಿಸಿತು. 1980ರ ದಶಕದ ಆರಂಭದ ಹೊತ್ತಿಗೆ 60 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಮನೆಗಳ ಮೇಲೆ ಬುಲ್ಡೋಜರ್ ಓಡಿಸಿದರು. ಊರಿನಿಂದ ಎಷ್ಟೋ ಮೈಲಿ ಆಚೆ, ಗಾಳಿಗೆ ಮರಳು ಹಾರುವ ಕೇಪ್ ಫ್ಲಾಟ್ಸ್ ಎಂಬ ಬಯಲಿನಲ್ಲಿ ಜನಾಂಗ ನೋಡಿ ಮನೆ ಕೊಟ್ಟರು. ಪಕ್ಕದ ಮನೆಯವರು ಒಂದು ಕಡೆ, ಇವರು ಇನ್ನೊಂದು ಕಡೆ.

ಮನೆಗಳನ್ನು ಕೆಡವಿದರೂ ಮಸೀದಿ, ಚರ್ಚುಗಳಲ್ಲಿ ಹಲವನ್ನು ಕೆಡವಲಿಲ್ಲ. ಮಸೀದಿಯ ಜಾಗ ಅಲ್ಲಾಹನದು, ಮಾರಲು ನಮಗೆ ಹಕ್ಕಿಲ್ಲ ಅಂತ ಮುಸ್ಲಿಮರು ಪಟ್ಟು ಹಿಡಿದಿದ್ದರು. ಸುತ್ತ ಬಟ್ಟಬಯಲು, ನಡುವೆ ಮ್ಯೂರ್ ಬೀದಿಯ ಝೀನತುಲ್ ಇಸ್ಲಾಂ ಮಸೀದಿ, ಅಷ್ಟು ದೂರದಲ್ಲಿ ಮೊರೇವಿಯನ್ ಚರ್ಚು. ಜಮಾಅತಿನವರು ಜುಮುಅಕ್ಕೆ ಬಸ್ಸು ಹಿಡಿದು, ರೈಲು ಹಿಡಿದು ಬಯಲಿನಿಂದ ಬರುತ್ತಿದ್ದರು. ತಮ್ಮ ಮನೆ ಇದ್ದ ಜಾಗವನ್ನು ದಾಟಿಯೇ ಮಸೀದಿಗೆ ಹೋಗಬೇಕು. ಮಹಲ್ಲಿನಲ್ಲಿ ಒಂದು ಮನೆಯೂ ಇಲ್ಲದ ಮಸೀದಿಯಲ್ಲಿ ಸಫ್ ತುಂಬುತ್ತಿತ್ತು.

ಬಿಳಿಯರೂ ಅಲ್ಲಿಗೆ ಬಂದು ಮನೆ ಕಟ್ಟಲಿಲ್ಲ. ಒಂದು ಕಾಲೇಜು ಬಂತು, ಉಳಿದ ಬಹುಪಾಲು ಜಾಗ ಹುಲ್ಲು ಬೆಳೆದು ಹಾಗೇ ಬಿದ್ದಿತು.

ಇದೇ ಕಾನೂನಿನ ಇನ್ನೊಂದು ಮುಖ ಬೋ-ಕಾಪ್. ಬಣ್ಣ ಬಣ್ಣದ ಮನೆಗಳ ಫೋಟೊ ವಾಟ್ಸಪ್ಪಿನಲ್ಲಿ ನೀವೂ ನೋಡಿರಬಹುದು. ಅದನ್ನು ಮಲಯರ ಪ್ರದೇಶ ಅಂತ ಘೋಷಿಸಿದ್ದರಿಂದ ಮುಸ್ಲಿಮರಿಗೆ ಮನೆ ಉಳಿಯಿತು. ಆದರೆ ಅವರ ಪಕ್ಕದಲ್ಲಿದ್ದ ಬೇರೆಯವರು ಎದ್ದು ಹೋಗಬೇಕಾಯಿತು. ನಮಗೆ ಸಿಕ್ಕಿತಲ್ಲ ಅಂತ ಸುಮ್ಮನಿರುವುದು ಎಷ್ಟು ಸುಲಭ!

ಸುಮ್ಮನಿರದ ಇಮಾಂ

ಸುಮ್ಮನಿರದ ಒಬ್ಬರಿದ್ದರು. ಇಮಾಂ ಅಬ್ದುಲ್ಲಾ ಹಾರೂನ್. 1924ರಲ್ಲಿ ಹುಟ್ಟಿದವರು, 1955ರಿಂದ ಕೇಪ್ ಟೌನಿನ ಕ್ಲೇರ್‌ಮಾಂಟ್‌ನಲ್ಲಿ ಸ್ಟೆಗ್‌ಮನ್ ರಸ್ತೆಯ ಮಸೀದಿಯಲ್ಲಿ ಇಮಾಂ. 'ಮುಸ್ಲಿಂ ನ್ಯೂಸ್' ಪತ್ರಿಕೆಯ ಸಂಪಾದಕರೂ ಆಗಿದ್ದರು. ಹೊಟ್ಟೆಪಾಡಿಗೆ ಒಂದು ಮಿಠಾಯಿ ಕಂಪನಿಯ ಸೇಲ್ಸ್‌ಮನ್ ಕೆಲಸವನ್ನೂ ಮಾಡುತ್ತಿದ್ದರು. (ಇಮಾಮರಿಗೆ ಎರಡನೇ ಕೆಲಸ ಯಾಕೆ ಬೇಕಾಗುತ್ತದೆ ಎಂಬುದನ್ನು ನಮ್ಮ ಕಡೆಯ ಕಮಿಟಿಯವರಿಗೆ ನಾನು ಹೇಳಬೇಕಾಗಿಲ್ಲ.) ಆ ಕೆಲಸದಿಂದ ಒಂದು ಉಪಕಾರ ಆಯಿತು. ಕಪ್ಪು ಜನರ ಕೇರಿಗಳಾದ ಲಂಗಾ, ಗುಗುಲೆತುಗಳಿಗೆ ಬೇರೆಯವರು ಸುಮ್ಮನೆ ಹೋಗುವಂತಿರಲಿಲ್ಲ. ಮಿಠಾಯಿ ಮಾರುವವನಿಗೆ ಹೋಗಲು ಕಾರಣವಿತ್ತು.

ಅವರು ಅಲ್ಲಿ ಹೋಗಿ ಕೂತರು, ಉಂಡರು, ಮಾತಾಡಿದರು. ಜೈಲಿಗೆ ಹೋದವರ ಮನೆಗಳಿಗೆ ಹಣ ತಲುಪಿಸಿದರು. ಕಪ್ಪು ಜನರು ಅವರನ್ನು 'ಮ್‌ಫುಂಡಿಸಿ' ಅಂತ ಕರೆದರು. ಗುರು, ಉಸ್ತಾದ್ ಎಂಬ ಅರ್ಥ. ಮಿಂಬರಿನಲ್ಲಿ ನಿಂತು ಗ್ರೂಪ್ ಏರಿಯಾಸ್ ಕಾನೂನು ಇಸ್ಲಾಮಿಗೆ ವಿರುದ್ಧ ಅಂತ ಬಹಿರಂಗವಾಗಿ ಹೇಳಿದರು. ನಮ್ಮವರ ಮನೆ ಹೋಗುತ್ತದೆ ಎಂದು ಮಾತ್ರ ಅಲ್ಲ, ಕಪ್ಪು ಮನುಷ್ಯನ ಪಾಸೂ ಅದೇ ಅನ್ಯಾಯ ಎಂದರು. ಸಮುದಾಯದ ಅನೇಕ ಹಿರಿಯರಿಗೆ ಇದು ಹಿಡಿಸಲಿಲ್ಲ. ಮಸೀದಿಗಳು ನಡೆಯುತ್ತಿವೆ, ಮದ್ರಸ ನಡೆಯುತ್ತಿದೆ, ರಾಜಕೀಯ ಯಾಕೆ ಎಂದರು. ಈ ಮಾತು ಯಾವ ಊರಿನ ಕಮಿಟಿಯಲ್ಲೂ ಕೇಳಬಹುದು, ಹೇಳುವವರೂ ಕೆಟ್ಟವರೇನಲ್ಲ, ಹೆದರಿದವರು.

1969ರ ಮೇ 28ರಂದು, ರಬೀವುಲ್ ಅವ್ವಲ್ ತಿಂಗಳಲ್ಲಿ, ಪೊಲೀಸರು ಅವರನ್ನು ಹಿಡಿದರು. 123 ದಿನ ಒಂಟಿಯಾಗಿ ಇಟ್ಟರು. ಕೇಸಿಲ್ಲ, ಕೋರ್ಟಿಲ್ಲ. ಸೆಪ್ಟೆಂಬರ್ 27ರಂದು ಲಾಕಪ್ಪಿನಲ್ಲೇ ತೀರಿಕೊಂಡರು, ವಯಸ್ಸು 45. ಮೈತುಂಬ ಬಾಸುಂಡೆ, ಪಕ್ಕೆಲುಬು ಮುರಿದಿತ್ತು. ಮೆಟ್ಟಿಲಿಂದ ಬಿದ್ದರು ಅಂದರು ಪೊಲೀಸರು. ಎರಡು ದಿನ ಬಿಟ್ಟು ಮಯ್ಯಿತ್ ಎತ್ತಿದಾಗ ಸುಮಾರು 40 ಸಾವಿರ ಜನ ಸೇರಿದರು, ಎಲ್ಲ ಧರ್ಮದವರು, ಎಲ್ಲ ಬಣ್ಣದವರು. ಬದುಕಿದ್ದಾಗ ಸುಮ್ಮನಿದ್ದವರೂ ಹೆಗಲು ಕೊಟ್ಟರು. ಆ ರಾತ್ರಿಯೇ ಕೇಪ್ ಪ್ರಾಂತದಲ್ಲಿ ಭೂಕಂಪ ಆಯಿತು. ಜನ ಅದಕ್ಕೆ ಏನು ಅರ್ಥ ಕೊಟ್ಟಿರಬಹುದು ಅಂತ ಬೇರೆ ಹೇಳಬೇಕಾಗಿಲ್ಲ.

1970ರ ವಿಚಾರಣೆ ಮೆಟ್ಟಿಲಿನ ಕಥೆಯನ್ನೇ ಹಿಡಿದುಕೊಂಡಿತು, ಯಾರನ್ನೂ ಹೊಣೆ ಮಾಡಲಿಲ್ಲ. ಮಕ್ಕಳು ಬಿಡಲಿಲ್ಲ. 2022ರಲ್ಲಿ ವಿಚಾರಣೆ ಪುನಃ ತೆರೆಯಿತು. 2023ರ ಅಕ್ಟೋಬರ್ 9ರಂದು ಜಸ್ಟಿಸ್ ತುಲಾರೆ ತೀರ್ಪು ಓದಿದರು: ಮೆಟ್ಟಿಲು ಸುಳ್ಳು, ಇಮಾಮರು ಸತ್ತದ್ದು ಪೊಲೀಸರ ಹಿಂಸೆಯಿಂದ. 54 ವರ್ಷ ಬೇಕಾಯಿತು. ಇಮಾಮರ ಹೆಂಡತಿ ಗಲೀಮಾ ಅದನ್ನು ಕೇಳಲು ಇರಲಿಲ್ಲ. ಗಂಡನನ್ನು ಮಣ್ಣು ಮಾಡಿದ ದಿನಕ್ಕೆ ಸರಿಯಾಗಿ 50 ವರ್ಷ ತುಂಬುವಾಗ, 2019ರ ಸೆಪ್ಟೆಂಬರ್ 29ರಂದು ಅವರು ತೀರಿಕೊಂಡಿದ್ದರು.

ಕಾಗದ ಹರಿದ ಮೇಲೆ

1980ರ ದಶಕದಲ್ಲಿ ಸರಕಾರ ಏಣಿಯ ನಡುವಿನವರನ್ನು ಕೊಂಡುಕೊಳ್ಳಲು ಇನ್ನೊಂದು ಪ್ರಯತ್ನ ಮಾಡಿತು. ಕಲರ್ಡ್ ಜನರಿಗೆ ಒಂದು ಸದನ, ಭಾರತೀಯರಿಗೆ ಒಂದು ಸದನ, ಕಪ್ಪು ಜನರಿಗೆ ಏನೂ ಇಲ್ಲ. ಈ ಸಲ ನಡುವಿನವರು ಬಲೆಗೆ ಬೀಳಲಿಲ್ಲ. ಡಿಸ್ಟ್ರಿಕ್ಟ್ ಸಿಕ್ಸಿನಿಂದ ಎಬ್ಬಿಸಲ್ಪಟ್ಟ ಎಷ್ಟೋ ಜನ ಸೇರಿದ್ದ ಮಿಚೆಲ್ಸ್ ಪ್ಲೇನ್‌ನಲ್ಲೇ 1983ರಲ್ಲಿ ಎಲ್ಲ ಬಣ್ಣದವರು ಸೇರಿ ಯುನೈಟೆಡ್ ಡೆಮಾಕ್ರಟಿಕ್ ಫ್ರಂಟ್ ಕಟ್ಟಿದರು. 1984ರ ಆ ಚುನಾವಣೆಯಲ್ಲಿ ಕಲರ್ಡ್ ಜನರಲ್ಲೂ ಭಾರತೀಯರಲ್ಲೂ ಬಹುಪಾಲು ಮಂದಿ ಮತ ಹಾಕಲಿಕ್ಕೇ ಹೋಗಲಿಲ್ಲ. ಕೊಟ್ಟ ಮೆಟ್ಟಿಲನ್ನು ಬೇಡ ಅಂದದ್ದು ಸಣ್ಣ ಸಂಗತಿಯಲ್ಲ.

1991ರಲ್ಲಿ ಎರಡೂ ಕಾನೂನು ರದ್ದಾದವು, 1994ರಲ್ಲಿ ಮಂಡೇಲಾ ಅಧ್ಯಕ್ಷರಾದರು. ಪೆನ್ಸಿಲಿನ ಕೆಲಸ ಅಲ್ಲಿಗೆ ಮುಗಿಯಿತೆಂದು ಹೇಳಲಾಗುವುದಿಲ್ಲ. ಲೋಕದಲ್ಲೇ ಅತಿ ಹೆಚ್ಚು ಆದಾಯದ ಅಸಮಾನತೆ ಇರುವ ದೇಶ ಅದು ಅಂತ ವಿಶ್ವಬ್ಯಾಂಕಿನ ಲೆಕ್ಕ. 2022ರ ಜನಗಣತಿ ಪ್ರಕಾರ ಬಿಳಿಯರು ನೂರಕ್ಕೆ ಏಳೆಂಟು ಮಂದಿ ಮಾತ್ರ. ಕೆಲಸ ಹುಡುಕುವ ಕಪ್ಪು ಜನರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕೆಲಸ ಇಲ್ಲ, ಬಿಳಿಯರಲ್ಲಿ ಹತ್ತರಲ್ಲಿ ಒಬ್ಬರಿಗೂ ಆ ಕಷ್ಟ ಇಲ್ಲ. ಕಾರಣ ಹುಡುಕಿದರೆ ಪುನಃ ಮನೆ ಎಲ್ಲಿದೆ ಎಂಬಲ್ಲಿಗೇ ಬರುತ್ತೇವೆ. ಕೆಲಸ ಪೇಟೆಯಲ್ಲಿದೆ, ಮನೆ ಆ ದೂರದ ಬಯಲಿನಲ್ಲಿದೆ, ಸಂಬಳದ ದೊಡ್ಡ ಪಾಲು ವ್ಯಾನಿನ ಬಾಡಿಗೆಗೆ ಹೋಗುತ್ತದೆ. ಬಿಳಿಯರ ಬಡಾವಣೆಯಲ್ಲಿ ಅಜ್ಜ ಕೊಂಡ ಮನೆಯ ಬೆಲೆ ಮೊಮ್ಮಗನ ಕಾಲಕ್ಕೆ ಹತ್ತು ಪಟ್ಟು ಆಗಿ ಅವನ ಕಾಲೇಜಿನ ಫೀಸಾಗುತ್ತದೆ. ಬುಲ್ಡೋಜರಿಗೆ ಸಿಕ್ಕಿದ ಮನೆಗೆ ಬೆಲೆ ಏರುವುದಿಲ್ಲ. ಈಗ ಯಾರೂ ಯಾರನ್ನೂ ಬೈಯಬೇಕಾಗಿಲ್ಲ, ಯಾರ ಕೂದಲಿಗೂ ಕೈ ಹಾಕಬೇಕಾಗಿಲ್ಲ. ಅದು ತನ್ನಷ್ಟಕ್ಕೆ ನಡೆಯುತ್ತದೆ.

2004ರ ಫೆಬ್ರವರಿ 11ರಂದು, ಆ ಘೋಷಣೆಗೆ ಸರಿಯಾಗಿ 38 ವರ್ಷ ಆದ ದಿನ, ಡಿಸ್ಟ್ರಿಕ್ಟ್ ಸಿಕ್ಸಿನಲ್ಲಿ ಕಟ್ಟಿದ ಹೊಸ ಮನೆಗಳ ಬೀಗದ ಕೈಯನ್ನು ಮಂಡೇಲಾ ಇಬ್ಬರು ಅಜ್ಜಂದಿರಿಗೆ ಕೊಟ್ಟರು. ಇಬ್ಬರಿಗೂ 80 ದಾಟಿತ್ತು. ಅವರ ನಂತರ ವಾಪಸು ಬಂದವರು ಕಡಿಮೆ, ಕಾಯುತ್ತಲೇ ಸತ್ತವರು ಬಹಳ. ಅಲ್ಲಿ ಹಳೇ ಚರ್ಚೊಂದರಲ್ಲಿ ಮ್ಯೂಸಿಯಂ ಇದೆ. ನೆಲದ ಮೇಲೆ ಕೇರಿಯ ದೊಡ್ಡ ನಕ್ಷೆ, ಹಳೇ ನಿವಾಸಿಗಳು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದು ಹೋಗಿದ್ದಾರೆ.

ಇದನ್ನೆಲ್ಲ ಓದಿದ ಮೇಲೆ ಒಂದು ದಿನ ಪಾಠ ಬದಿಗಿಟ್ಟು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪೆನ್ಸಿಲಿನ ಕಥೆ, ಸಾಂಡ್ರಾಳ ಕಥೆ, ಇಮಾಂ ಹಾರೂನರ ಕಥೆ ಹೇಳಿದೆ. ಅವತ್ತು ನಾನೂ ನಕ್ಕದ್ದು ತಪ್ಪು ಅಂತಲೂ ಹೇಳಿದೆ. ಮಕ್ಕಳು ಉಸಿರು ಬಿಡದೆ ಕೇಳಿದರು. ಪೆನ್ಸಿಲ್ ಸಿಕ್ಕಿಸಿದ್ದ ಹುಡುಗನೇ ಕೈ ಎತ್ತಿದ. "ಉಸ್ತಾದ್, ಆ ಆಫೀಸರನ ತಲೆಗೆ ಯಾರೂ ಪೆನ್ಸಿಲ್ ಹಾಕಿ ನೋಡ್ಲಿಲ್ವಾ?" ಅಂತ ಕೇಳಿದ. ಇಲ್ಲ ಅಂದೆ. "ಯಾಕೆ?" ಅಂದ. ಗಂಟೆ ಹೊಡೆಯಿತು.

ಗುಂಗುರು ಕೂದಲಿನ ಹುಡುಗ ಮಾತ್ರ ಏನೂ ಕೇಳಲಿಲ್ಲ. ಆ ಬೆಳಗ್ಗಿನ ನಂತರ ಅವನು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡೇ ಕೂರುತ್ತಾನೆ. ಸೆಕೆಯಲ್ಲೂ ತೆಗೆಯುವುದಿಲ್ಲ. ಅವನ ಹತ್ತಿರ ಒಬ್ಬನೇ ಇರುವಾಗ ಕೂತು ಮಾತಾಡುವುದು ನನಗಿನ್ನೂ ಬಾಕಿ ಇದೆ.